ಗೌರಿ ಹಬ್ಬಕ್ಕೆ ತಂಗಿಗೆ ಹೊಲಿಗೆ ಮಿಷನ್ ಕೊಡಿಸಬೇಕು, ಹೊಸದಾಗಿ ಕಲಿಯೋರಿಗೆ ಯಾವುದು ಸರಿ?

ಸಾಲಗಾಮೆ ರೋಡ್
ಎಲ್ಲರಿಗೂ ನಮಸ್ಕಾರ. ನಾನಿರೋದು ಹಾಸನದಲ್ಲಿ. ತಂಗಿಯನ್ನ ಬಣಕಲ್ ಕಡೆ ಕೊಟ್ಟಿದೀವಿ. ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಸೀರೆ ಕೊಟ್ಟು ಬರೋದು ನಮ್ಮನೆ ವಾಡಿಕೆ. ಈ ಸಲ ಅಮ್ಮ, "ಅವಳ ಬೀರು ತುಂಬ ಸೀರೆನೇ ಇದೆ, ಹೊಲಿಗೆ ಕಲೀಬೇಕು ಅಂತ ಆಸೆ ಪಡ್ತಿದಾಳೆ, ಒಂದು ಮಿಷನ್ ಕೊಡ್ಸಪ್ಪ" ಅಂದ್ರು.

ಅವಳು ಇದುವರೆಗೂ ಮಿಷನ್ ಮುಂದೆ ಕೂತಿಲ್ಲ. ತನ್ನ ಬ್ಲೌಸು, ಮಗಳ ಫ್ರಾಕು, ಪರದೆ, ದಿಂಬಿನ ಕವರು, ಇಷ್ಟು ಬಂದ್ರೆ ಸಾಕಂತೆ. ಕೈ ಕೂತ ಮೇಲೆ ಅಕ್ಕಪಕ್ಕದವರ ಸೀರೆಗೆ ಫಾಲ್ ಹಾಕಿ ನಾಲ್ಕು ಕಾಸು ಮಾಡ್ಕೊಳ್ಳೋ ಆಸೆನೂ ಇದೆ.

ಬಿ.ಎಂ. ರೋಡ್ ಅಂಗಡಿಗಳಲ್ಲಿ ವಿಚಾರಿಸಿದೆ. ಒಬ್ರು ಕಪ್ಪು ಕಾಲ್ ಮಿಷನ್ನೇ ಗಟ್ಟಿ ಅಂದ್ರು. ಇನ್ನೊಬ್ರು ಅದನ್ನ ಈಗ ಯಾರು ತಗೋತಾರೆ, ಡೊಂಕು ಹೊಲಿಗೆನೂ ಹಾಕೋ ಕರೆಂಟಿನ ಬಿಳೀ ಜಿಗ್‌ಜ್ಯಾಗ್ ಒಯ್ಯಿರಿ ಅಂದ್ರು. ಆನ್‌ಲೈನಲ್ಲಿ ಎರಡು ಸಾವಿರಕ್ಕೂ ಪುಟ್ಟ ಮಿಷನ್ ಕಾಣಿಸ್ತಿದೆ. ನನ್ನ ಬಜೆಟ್ 12,000 ರೂಪಾಯಿ, ಬೇಕಾದ್ರೆ ಸ್ವಲ್ಪ ಎಳೀಬಹುದು. ಮಳೆಗಾಲದಲ್ಲಿ ಅಲ್ಲಿ ಕರೆಂಟಿನ ಕಥೆ ನಿಮಗೆಲ್ಲ ಗೊತ್ತು. ತಿಳಿದವರು ದಯವಿಟ್ಟು ಹೇಳಿ.

ಕಡೂರು ಎಕ್ಸ್‌ಪ್ರೆಸ್
ಆ ಎರಡು ಸಾವಿರದ್ದು ಮಾತ್ರ ಬೇಡ. ಉಳಿದಿದ್ದು ಏನಾದ್ರೂ ತಗೊಳ್ಳಿ.

ಚನ್ನರಾಯಪಟ್ಟಣ ಸೊಸೆ
ಯಾಕೆ ಬೇಡ? ಕಲಿಯೋಕೆ ತಾನೇ? ಸುಮ್ನೆ ದೊಡ್ಡದು ತಂದು ಆಮೇಲೆ ಮೂಲೇಲಿ ಬಿದ್ದಿದ್ರೆ?

ಬೇಲೂರು ಟೈಲರಮ್ಮ
ಯಾಕೆ ಬೇಡ ಅಂತ ನಾನು ಹೇಳ್ತೀನಿ ಕೇಳಿ. ನಾನು ಬೇಲೂರಲ್ಲಿ ಹೊಲಿಗೆ ಕಲಿಸ್ತೀನಿ. ಆ ಪುಟ್ಟ ಮಿಷನ್ ಹಿಡ್ಕೊಂಡು ಹುಡುಗೀರು ಬರ್ತಾರೆ. ಒಂದು ಪದರ ಕಾಟನ್ ಹೊಲಿಯುತ್ತೆ. ಬ್ಲೌಸಿನ ಕಂಕುಳ ಹತ್ರ ಲೈನಿಂಗು, ಮೇಲ್ಬಟ್ಟೆ, ತೋಳು ಎಲ್ಲ ಸೇರಿ ನಾಲ್ಕೈದು ಪದರ ಆಗುತ್ತಲ್ಲ, ಅಲ್ಲಿ ಬಂದು ನಿಂತುಬಿಡುತ್ತೆ. ಕೈಯಲ್ಲಿ ಹಿಡ್ಕೊಂಡು ಒತ್ತೋ ಸ್ಟೇಪ್ಲರ್ ಥರದ್ದಂತೂ ಸರಪಳಿ ಹೊಲಿಗೆ. ಕೊನೆಯ ದಾರ ಎಳೆದ್ರೆ ಸಾಲಿಡೀ ಬಿಚ್ಚಿಕೊಳ್ಳುತ್ತೆ. ಹುಡುಗಿ ಏನಂದ್ಕೋತಾಳೆ? "ನನಗೆ ಹೊಲಿಗೆ ಬರಲ್ಲ" ಅಂದ್ಕೋತಾಳೆ. ಮಿಷನ್ ಸರಿಯಿಲ್ಲ ಅಂತ ಅವಳಿಗೆ ಗೊತ್ತಾಗೋದೇ ಇಲ್ಲ. ಎಷ್ಟೋ ಜನ ಹಂಗೇ ಬಿಟ್ಟಿದಾರೆ. ನನಗೆ ಅದೇ ಹೊಟ್ಟೆ ಉರಿ.

ನನ್ನ ಕೇಳಿದ್ರೆ ಕಪ್ಪು ಮಿಷನ್, ಕಬ್ಬಿಣದ ಸ್ಟ್ಯಾಂಡು, ಪಕ್ಕಕ್ಕೊಂದು ಮೋಟಾರ್. ಉಷಾ, ಸಿಂಗರ್, ಮೆರಿಟ್ ಯಾವುದಾದ್ರೂ ಸರಿ. ಕರೆಂಟ್ ಇದ್ರೆ ಮೋಟಾರು, ಇಲ್ಲದಿದ್ರೆ ಬೆಲ್ಟ್ ಹಾಕಿ ಕಾಲಲ್ಲಿ ತುಳೀಬಹುದು. ಮೋಟಾರ್ ಸೇರಿ ಹತ್ತು ಸಾವಿರದ ಆಸುಪಾಸಿಗೆ ಮುಗಿಯುತ್ತೆ.

ಕೊಪ್ಪದ ಮಳೆ
ಟೈಲರಮ್ಮ, ನೀವು ಕಲಿಸೋರು, ಹಂಗಾಗಿ ಕಪ್ಪು ಮಿಷನ್ ಅಂತೀರಿ. ಮನೇಲಿ ಒಬ್ಬಳೇ ಕೂತು ಕಲಿಯೋಳ ಕಷ್ಟ ಬೇರೆ ಮಾರಾಯ್ರೆ. ಕಾಲು ತುಳಿಯೋದು ಸ್ವಲ್ಪ ತಪ್ಪಿದ್ರೂ ಚಕ್ರ ಹಿಂದಕ್ಕೆ ತಿರುಗುತ್ತೆ, ದಾರ ಗಂಟಾಗುತ್ತೆ, ಕಿತ್ತುಹೋಗುತ್ತೆ. ಕೈ ಕಲಿಯೋದಕ್ಕಿಂತ ಮೊದ್ಲು ಕಾಲು ಕಲೀಬೇಕು. ನಾನು ಕಲಿತಿದ್ದು ಜಿಗ್‌ಜ್ಯಾಗ್‌ನಲ್ಲೇ. ಪೆಡಲ್ ಮೆತ್ತಗೆ ಒತ್ತಿದ್ರೆ ಮೆತ್ತಗೆ ಹೋಗುತ್ತೆ. ಬ್ಲೌಸಿನ ಒಳಗಡೆ ಅಂಚು ಎಳೆ ಬಿಡದ ಹಾಗೆ ಜಿಗ್‌ಜ್ಯಾಗ್ ಹೊಡೀಬಹುದು, ಓವರ್‌ಲಾಕ್‌ಗೆ ಪೇಟೆಗೆ ಕೊಡೋದು ತಪ್ಪುತ್ತೆ. ಕಾಜ ಹೊಲೀಬಹುದು. ಫ್ರಾಕು ಹೊಲಿಯೋಳಿಗೆ ಇದೆಲ್ಲ ಬೇಕೇ ಬೇಕು.

ಬೇಲೂರು ಟೈಲರಮ್ಮ
ಕಾಲು ಕಲಿಯೋಕೆ ಒಂದು ವಾರ ಸಾಕಮ್ಮ. ಮೊದ್ಲು ಚಕ್ರದ ನಡುವಿನ ತಿರುಪು ಸಡಿಲ ಮಾಡಿ ಬರೀ ತುಳಿಸ್ತೀನಿ, ಸೂಜಿ ಅಲ್ಲಾಡಲ್ಲ, ಚಕ್ರ ಮಾತ್ರ ತಿರುಗುತ್ತೆ. ಅದು ಹಿಡಿತಕ್ಕೆ ಬಂದ್ಮೇಲೆ ದಾರ ಹಾಕದೆ ಗೆರೆ ಇರೋ ನೋಟ್‌ಬುಕ್ ಹಾಳೆ ಮೇಲೆ ಓಡಿಸೋದು. ಗೆರೆ ಮೇಲೇ ತೂತು ಸಾಲಾಗಿ ಬಂದ್ರೆ ಬಟ್ಟೆ ಕೊಡ್ತೀನಿ. ಆಮೇಲೆ ವೃತ್ತ, ಡೊಂಕು, ಚೌಕದ ಮೂಲೆ. ಹಾಳೆಗೆ ಹಳೇ ಸೂಜಿ ಹಾಕ್ಬೇಕು, ಕಾಗದ ಸೂಜಿ ಮೊಂಡು ಮಾಡುತ್ತೆ. ಹೀಗೆ ಕಲಿತವರ ಹೊಲಿಗೆ ಆಮೇಲೆ ಯಾವ ಮಿಷನ್ ಕೊಟ್ರೂ ನೆಟ್ಟಗೇ ಬರುತ್ತೆ.

ಕೊಪ್ಪದ ಮಳೆ
ಆ ಹಾಳೆ ಅಭ್ಯಾಸ ಎಲೆಕ್ಟ್ರಿಕ್ ಮಿಷನ್‌ನಲ್ಲೂ ಮಾಡಬಹುದಲ್ಲ? ಅದಕ್ಕೂ ಕಪ್ಪು ಮಿಷನ್‌ಗೂ ಏನು ಸಂಬಂಧ?

ಬೇಲೂರು ಟೈಲರಮ್ಮ
ಅಭ್ಯಾಸ ಮಾಡಬಹುದು, ಇಲ್ಲ ಅನ್ನಲ್ಲ. ಕರೆಂಟ್ ಹೋದಾಗ ಏನ್ ಮಾಡ್ತಾಳೆ ಅನ್ನೋದು ನನ್ನ ಪ್ರಶ್ನೆ. ಆಷಾಢ ಶ್ರಾವಣದಲ್ಲಿ ಮರ ಬಿದ್ದು ದಿನಗಟ್ಟಲೆ ಕತ್ತಲು ಅನ್ನೋದು ಕೊಪ್ಪದವರಿಗೆ ನಾನು ಹೇಳ್ಬೇಕಾ?

ಸಕಲೇಶಪುರ ಎಸ್ಟೇಟ್
ಮನೇಲಿ ಯುಪಿಎಸ್ ಇದ್ರೆ ಆ ಯೋಚನೆ ಬೇಡ. ಮನೆ ಬಳಕೆಯ ಜಿಗ್‌ಜ್ಯಾಗ್‌ಗಳ ಮೋಟಾರು ಸಾಮಾನ್ಯವಾಗಿ 60ರಿಂದ 85 ವ್ಯಾಟ್. ಫ್ಯಾನಿನಷ್ಟು. 85 ವ್ಯಾಟ್‌ದು ದಿನಾ ಒಂದು ಗಂಟೆ ಓಡಿಸಿದ್ರೂ ತಿಂಗಳಿಗೆ ಎರಡೂವರೆ ಯೂನಿಟ್. ಕರೆಂಟ್ ಬಿಲ್ ಬರುತ್ತೆ ಅಂತ ಹೆದರಿಸೋ ಅತ್ತೆಯಂದಿರಿಗೂ ಇದೇ ಉತ್ತರ ಕೊಡಿ.

ಗಾರ್ಮೆಂಟ್ಸ್ ಅಕ್ಕ
ಅಣ್ಣ, ಯಾರೂ ಹೇಳದೇ ಇರೋದು ನಾನು ಹೇಳ್ತೀನಿ. ಫ್ಯಾಕ್ಟರೀಲಿ ಓಡಿಸೋ ಪವರ್ ಮಿಷನ್ ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಜೂಕಿ, ಜ್ಯಾಕ್ ಅಂತ ಬರ್ತವಲ್ಲ. ಜೀನ್ಸ್ ಪದರ ಕೊಟ್ರೂ ಬೆಣ್ಣೆ ಥರ ಹೋಗುತ್ತೆ. ಹೊಲಿಗೆ ಎಷ್ಟು ಚೆಂದ ಅಂದ್ರೆ ಮನೆ ಮಿಷನ್‌ದು ಪಕ್ಕದಲ್ಲಿಡೋಕಾಗಲ್ಲ. ಮುಂದೆ ದುಡೀಬೇಕು ಅಂದ್ರೆ ಇದೇ.

ಕೊಪ್ಪದ ಮಳೆ
ಮಿಷನ್ ಮುಂದೆ ಕೂತೇ ಇಲ್ಲದೋಳಿಗೆ ಪವರ್ ಮಿಷನ್ನಾ! ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹೊಡಿಯುತ್ತೆ ಅದು. ಮನೆ ಮಿಷನ್ ಏಳೆಂಟು ನೂರು. ಬೆರಳಿಗೆ ಸೂಜಿ ಹೊಕ್ಕರೆ?

ಗಾರ್ಮೆಂಟ್ಸ್ ಅಕ್ಕ
ಅದು ಹಳೇ ಕ್ಲಚ್ ಮೋಟಾರಿನ ಕಾಲದ ಮಾತು ಮೇಡಂ. ಈಗ ಸರ್ವೋ ಮೋಟಾರ್ ಬರುತ್ತೆ. ಸ್ಪೀಡ್ ಕಮ್ಮಿಗೆ ಇಟ್ರೆ ಎಷ್ಟು ಒತ್ತಿದ್ರೂ ಅದಕ್ಕಿಂತ ಮೇಲೆ ಹೋಗಲ್ಲ. ಹೊಲೀದೇ ಇದ್ದಾಗ ಶಬ್ದನೂ ಇಲ್ಲ, ಕರೆಂಟೂ ಹೆಚ್ಚು ತಿನ್ನಲ್ಲ. ನಮ್ಮ ಲೈನಿಗೆ ಹಳ್ಳಿಯಿಂದ ಬರೋ ಹುಡುಗೀರು ನೇರ ಇದರ ಮೇಲೇ ಕಲೀತಾರೆ. ಸ್ವಲ್ಪ ದಿನಕ್ಕೆ ಕಾಲರ್ ಕೂರಿಸ್ತಾರೆ.

ಮಿಷನ್ ರಿಪೇರಿ ಚಿಕ್ಕಮಗಳೂರು
ಇಬ್ರದೂ ಸರಿ. ಆದ್ರೆ ಫ್ಯಾಕ್ಟರೀಲಿ ಪಕ್ಕದಲ್ಲೇ ಮೆಕ್ಯಾನಿಕ್ ಇರ್ತಾನೆ, ಸೂಪರ್‌ವೈಸರ್ ಇರ್ತಾರೆ. ಬಣಕಲ್‌ನ ತೋಟದ ಮನೇಲಿ ಯಾರಿದಾರೆ? ಪವರ್ ಮಿಷನ್ ಟೇಬಲ್ಲೇ ನಾಲ್ಕಡಿ ಉದ್ದ. ಅದಕ್ಕೆ ಸೂಜಿನೂ ಬೇರೆ, ಡಿಬಿ ಸೂಜಿ, ಬುಡ ದುಂಡಗಿರುತ್ತೆ. ಮನೆ ಮಿಷನ್ ಸೂಜಿಯ ಬುಡ ಒಂದು ಕಡೆ ಚಪ್ಪಟೆ. ಒಂದಕ್ಕೆ ತಂದಿದ್ದು ಇನ್ನೊಂದಕ್ಕೆ ಆಗಲ್ಲ. ಜಿಗ್‌ಜ್ಯಾಗೂ ಇಲ್ಲ, ಬರೀ ನೇರ ಹೊಲಿಗೆ. ಅಂಗಡಿ ಇಡೋ ಹೊತ್ತಿಗೆ ಅದನ್ನ ನೋಡ್ಕೊಳ್ಳಲಿ.

ನಾನು ಅಣ್ಣನಿಗೆ ಕೇಳೋದು ಒಂದೇ. ತಂಗಿ ಮನೆಯಿಂದ ಬಸ್ಸಲ್ಲಿ ಹೋಗಿಬರೋ ದೂರದಲ್ಲಿ ರಿಪೇರಿಯವರು ಯಾರಿದಾರೆ, ಅವರ ಹತ್ರ ಯಾವ ಕಂಪನಿ ಸ್ಪೇರು ಸಿಗುತ್ತೆ? ಅದನ್ನ ಮೊದ್ಲು ವಿಚಾರಿಸಿ, ಕಂಪನಿ ಆಮೇಲೆ ಆರಿಸಿ. ಹಾಸನದಲ್ಲಿ ಐನೂರು ರೂಪಾಯಿ ಕಮ್ಮಿಗೆ ಸಿಕ್ತು ಅಂತ ತಗೊಂಡು ಹೋಗಿ, ಕೆಳಗಿನ ದಾರದ ಸುರುಳಿ ಕೂರೋ ಬಾಬಿನ್ ಕೇಸ್ ಕೆಟ್ಟಾಗ ಪ್ರತಿ ಸಲ ಹಾಸನಕ್ಕೆ ಹೊತ್ತು ತರೋದಾದ್ರೆ ಏನು ಉಳೀತು? ಮೂಡಿಗೆರೇಲೋ ಚಿಕ್ಕಮಗಳೂರಲ್ಲೋ ತಗೊಳ್ಳಿ. ಬಂದು ಕೂರಿಸಿ, ಒಂದು ಗಂಟೆ ತೋರಿಸಿಕೊಟ್ಟು ಹೋಗೋ ಅಂಗಡಿ ಬೇಕು.

ರತ್ನಗಿರಿ ಬೋರೆ
👆 ಇಡೀ ಚರ್ಚೆಯಲ್ಲಿ ಇದೇ ಮುಖ್ಯವಾದ ಮಾತು.

ಅರಸೀಕೆರೆ ತೆಂಗು
ದುಡ್ಡು ಯಾಕೆ ಖರ್ಚು ಮಾಡ್ತೀರಿ? ಕೇಂದ್ರ ಸರ್ಕಾರದಿಂದ ಹೆಣ್ಣುಮಕ್ಕಳಿಗೆಲ್ಲ ಉಚಿತ ಹೊಲಿಗೆ ಯಂತ್ರ ಅಂತ ವಾಟ್ಸಾಪಲ್ಲಿ ಫಾರಂ ಬಂದಿದೆ. ಹಾಕ್ಲಾ?

ಕಡೂರು ಎಕ್ಸ್‌ಪ್ರೆಸ್
ದಯವಿಟ್ಟು ಹಾಕ್ಬೇಡಿ ಸರ್. ಆ ಉಚಿತ ಯಂತ್ರದ ಸಂದೇಶ ಸುಳ್ಳು ಅಂತ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್‌ನವರೇ ಹೇಳಿದಾರೆ. ಅದರಲ್ಲಿ ಆಧಾರ್, ಬ್ಯಾಂಕ್ ಖಾತೆ ಎಲ್ಲ ಕೇಳ್ತಾರೆ. ನಿಜವಾಗಿ ಇರೋದು ಪಿಎಂ ವಿಶ್ವಕರ್ಮ ಯೋಜನೆ, 2023ರ ಸೆಪ್ಟೆಂಬರ್‌ನಲ್ಲಿ ಶುರುವಾಗಿದ್ದು. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ಸಹಾಯ ಇದೆ. ಆದ್ರೆ ಅದು ಆಗಲೇ ಕಸುಬು ಮಾಡ್ತಿರೋರಿಗೆ. ಹೊಸದಾಗಿ ಕಲಿಯೋರಿಗಲ್ಲ.

ಅರಸೀಕೆರೆ ತೆಂಗು
ಸರಿ ಬಿಡಿ, ತಿಳಿಸಿದ್ದಕ್ಕೆ ಥ್ಯಾಂಕ್ಸ್. ಆ ಫಾರಂ ಕಳಿಸಿದವರಿಗೂ ಹೇಳ್ತೀನಿ.

ಇನ್ನೊಂದು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ಬ್ಯಾಂಕಿನವರು ನಡೆಸೋ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಹಾಸನದಲ್ಲೂ ಇದೆ, ಚಿಕ್ಕಮಗಳೂರಲ್ಲೂ ಇದೆ. ಮಹಿಳೆಯರ ಹೊಲಿಗೆ ತರಬೇತಿ ಸುಮಾರು ಒಂದು ತಿಂಗಳು, ಊಟ ವಸತಿ ಎಲ್ಲ ಉಚಿತ. ಪುಟ್ಟ ಮಗು ಇದ್ರೆ ಹೋಗಿ ಇರೋದು ಕಷ್ಟ, ಆದ್ರೂ ತಂಗಿ ಕಿವಿಗೆ ಹಾಕಿ.

ನಿವೃತ್ತ ಮೇಷ್ಟ್ರು
ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಹೊಲಿಗೆ ಯಂತ್ರ ಉಡುಗೊರೆ ಅಂತ ಓದಿದ ಕೂಡಲೇ ಗಾಂಧೀಜಿ ನೆನಪಾದ್ರು. ಯಂತ್ರಗಳನ್ನ ಅಷ್ಟು ವಿರೋಧಿಸಿದವರು, 1924ರಲ್ಲಿ ಎಲ್ಲ ಯಂತ್ರವೂ ಬೇಡವೇ ಅಂತ ಕೇಳಿದಾಗ ಸಿಂಗರ್ ಹೊಲಿಗೆ ಯಂತ್ರ ಒಂದಕ್ಕೆ ವಿನಾಯಿತಿ ಕೊಟ್ರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯೋದು ನೋಡಲಾರದೆ ಸಿಂಗರ್ ಅದನ್ನ ಮಾಡಿದ, ಅದರ ಹಿಂದೆ ಪ್ರೀತಿ ಇದೆ ಅನ್ನೋದು ಅವರ ವಾದ. ಅಣ್ಣ ತಂಗಿಗೆ ಕೊಡೋದರ ಹಿಂದೆಯೂ ಅದೇ ಇದೆ. ಒಳ್ಳೇ ಕೆಲಸ ಮಾಡ್ತಿದೀಯಪ್ಪ.

ರತ್ನಗಿರಿ ಬೋರೆ
ಮೇಷ್ಟ್ರೇ, ಗಾಂಧೀಜಿ ಹಾಗೆ ಹೇಳಿದ್ದು ನಿಜ. ಆದ್ರೆ ಹೊಲಿಗೆ ಯಂತ್ರ ಸಿಂಗರ್ ಒಬ್ಬನ ಕೆಲಸ ಅಲ್ಲ. ಸೂಜಿಯ ತುದಿಯಲ್ಲಿ ಕಣ್ಣು, ಕೆಳಗೆ ಇನ್ನೊಂದು ದಾರ, ಈ ಉಪಾಯಕ್ಕೆ 1846ರಲ್ಲೇ ಎಲಿಯಾಸ್ ಹೋವ್ ಪೇಟೆಂಟ್ ತಗೊಂಡಿದ್ದ. ಸಿಂಗರ್‌ದು 1851. ಆಮೇಲೆ ಹೋವ್ ಕೇಸ್ ಹಾಕಿ ಗೆದ್ದ, ಸಿಂಗರ್ ದುಡ್ಡು ಕಟ್ಟಬೇಕಾಯ್ತು. ಮನೆಮನೆಗೆ ಕಂತಿನ ಮೇಲೆ ಮಿಷನ್ ಮಾರಿದ್ದು ಮಾತ್ರ ಸಿಂಗರ್ ಕಂಪನಿ.

ನಿವೃತ್ತ ಮೇಷ್ಟ್ರು
ಹೌದೌದು, ಅದನ್ನೂ ಸೇರಿಸಿದ್ದು ಒಳ್ಳೇದಾಯ್ತು.

ಚನ್ನರಾಯಪಟ್ಟಣ ಸೊಸೆ
ವಿಷಯಕ್ಕೆ ಬರೋಣ. ಅಣ್ಣ, ತಂಗಿಗೆ ಹೇಳಿದೀರಾ ಇಲ್ವಾ? ಹೇಳದೇ ತಗೊಂಡು ಹೋಗಬೇಡಿ. ಸೀರೆ ಆದ್ರೆ ಬಣ್ಣ ಹಿಡಿಸದಿದ್ರೂ ಉಟ್ಕೋತೀವಿ. ಮಿಷನ್ ಮುಂದೆ ದಿನಾ ಕೂರೋಳು ಅವಳು. ಅಂಗಡಿಗೆ ಕರ್ಕೊಂಡು ಹೋಗಿ, ಕೂರಿಸಿ, ಪೆಡಲ್ ಒತ್ತಿ ನೋಡಲಿ, ಕಾಲಿಗೆ ಎಟಕುತ್ತಾ, ಸೂಜಿ ಕಣ್ಣು ಕಾಣುತ್ತಾ.

ಸಾಲಗಾಮೆ ರೋಡ್
ಹೇಳಿಲ್ಲ ಅಕ್ಕ. ಹಬ್ಬದ ದಿನ ಬಾಗಿನದ ಮೊರದ ಜೊತೆ ಮಿಷನ್ ಇಳಿಸಿ ಅವಳ ಮುಖ ನೋಡ್ಬೇಕು ಅಂತ ಆಸೆ ಇತ್ತು.

ಸಕಲೇಶಪುರ ಎಸ್ಟೇಟ್
ಆ ಆಸೆ ತಪ್ಪೇನಿಲ್ಲ. ತವರಿಂದ ಬಂದಿದ್ದು ಅಂದ್ರೆ ಹೆಣ್ಣುಮಕ್ಕಳಿಗೆ ಯಾವ ಮಾಡೆಲ್ ಆದ್ರೂ ಚಿನ್ನವೇ.

ಚನ್ನರಾಯಪಟ್ಟಣ ಸೊಸೆ
ಹಂಗೆ ಅಂದ್ಕೊಂಡು ಕೊಟ್ಟಿದ್ದು ಎಷ್ಟೋ ಮನೆಗಳಲ್ಲಿ ಬಟ್ಟೆ ಮುಚ್ಚಿ ಟಿವಿ ಸ್ಟ್ಯಾಂಡ್ ಆಗಿದೆ ಸರ್. ತವರಿನದ್ದು ಅಂತ ಬೇಜಾರು ಹೇಳ್ಕೊಳ್ಳೋಕೂ ಆಗಲ್ಲ. ಕೇಳಿ ಕೊಟ್ರೆ ಪ್ರೀತಿ ಕಮ್ಮಿ ಆಗಲ್ಲ.

ಬೇಲೂರು ಟೈಲರಮ್ಮ
ಈ ಮಾತು ನಾನೂ ಒಪ್ತೀನಿ. ಜೊತೆಗೆ ಅಟ್ಟದ ಮೇಲೆ ನೋಡೋಕೆ ಹೇಳಿ. ಮಲೆನಾಡಿನ ಮನೆಗಳಲ್ಲಿ ಅತ್ತೆಯ ಕಾಲದ್ದು ಒಂದು ಮಿಷನ್ ಇದ್ದೇ ಇರುತ್ತೆ.

ಸಾಲಗಾಮೆ ರೋಡ್
ಫೋನ್ ಮಾಡಿ ಕೇಳಿಯೇ ಬಿಟ್ಟೆ. ಅವಳ ಖುಷಿ ನೋಡಿ, ಮೊದಲೇ ಹೇಳಿದ್ದು ಒಳ್ಳೇದೇ ಆಯ್ತು ಅನ್ನಿಸ್ತು. ಟೈಲರಮ್ಮ ಹೇಳಿದ ಹಾಗೇ ಅಟ್ಟದಲ್ಲಿ ಅವಳ ಅತ್ತೆಯ ಕಪ್ಪು ಮಿಷನ್ ಇದೆಯಂತೆ! ಚಕ್ರ ತಿರುಗೋದೇ ಇಲ್ಲವಂತೆ, ತುಕ್ಕು. ಮನೇಲಿ ಯುಪಿಎಸ್ ಇದೆ. ಅವಳಿಗೆ ಬೇಕಾಗಿರೋದು ಜಿಗ್‌ಜ್ಯಾಗ್, ಮಗಳ ಫ್ರಾಕಿನ ಅಂಚು ಎಳೆ ಬಿಡೋದು ಅವಳಿಗೆ ಆಗಲ್ಲವಂತೆ.

ಬೇಲೂರು ಟೈಲರಮ್ಮ
ನೋಡಿ ಮತ್ತೆ! ಅದನ್ನೇ ರಿಪೇರಿ ಮಾಡಿಸಿ, ಮೋಟಾರ್ ಹಾಕಿಸಿ. ಉಳಿದ ದುಡ್ಡಲ್ಲಿ ಕ್ಲಾಸಿಗೆ ಸೇರಿಸಿ.

ಕೊಪ್ಪದ ಮಳೆ
ಅತ್ತೆ ಮಿಷನ್ ರಿಪೇರಿ ಮಾಡಿಸಿ ಇದೇ ತವರಿನ ಉಡುಗೊರೆ ಅನ್ನೋದಾ? ಹುಡುಗಿ ಜಿಗ್‌ಜ್ಯಾಗ್ ಬೇಕು ಅಂತ ಬಾಯಿ ಬಿಟ್ಟು ಹೇಳಿದಾಳೆ. ಅಷ್ಟಾದ ಮೇಲೂ ಕಪ್ಪು ಮಿಷನ್ ಅಂದ್ರೆ ಹೆಂಗೆ ಟೈಲರಮ್ಮ?

ಮಿಷನ್ ರಿಪೇರಿ ಚಿಕ್ಕಮಗಳೂರು
ಜಗಳ ಬೇಡ, ಎರಡೂ ಆಗುತ್ತೆ. ಚಕ್ರ ತಿರುಗದ ಹಳೇ ಮಿಷನ್‌ಗಳಲ್ಲಿ ಹೆಚ್ಚಿನವು ಕೆಟ್ಟಿರಲ್ಲ, ಎಣ್ಣೆ ಒಣಗಿ ಅಂಟಾಗಿರುತ್ತೆ. ಅದರಲ್ಲೂ ಯಾರಾದ್ರೂ ಕೊಬ್ಬರಿ ಎಣ್ಣೆ ಬಿಟ್ಟಿದ್ರೆ ಗೋಂದೇ ಸರಿ. ಎಣ್ಣೆ ತೂತುಗಳಿಗೆಲ್ಲ ಸ್ವಲ್ಪ ಸೀಮೆಎಣ್ಣೆ ಬಿಟ್ಟು ಒಂದು ದಿನ ಬಿಡಿ, ಬಲವಂತ ಮಾಡದೆ ಚಕ್ರ ಹಿಂದೆ ಮುಂದೆ ಆಡಿಸಿ. ಸಡಿಲ ಆದ್ಮೇಲೆ ಒರೆಸಿ ಮಿಷನ್ ಎಣ್ಣೆ ಹಾಕಿ. ಬರಲಿಲ್ಲ ಅಂದ್ರೆ ತಲೆ ಮಾತ್ರ ಬಿಚ್ಚಿ ತನ್ನಿ, ಸ್ಟ್ಯಾಂಡ್ ಹೊರೋದು ಬೇಡ. ತಲೆ ಒಂದೇ ಹತ್ತು ಕೆಜಿ ಮೇಲಿರುತ್ತೆ.

ಹೊಸದಕ್ಕೆ ಬರೋಣ. ಉಷಾ ಜಾನೋಮೆ ಡ್ರೀಮ್ ಸ್ಟಿಚ್ ಅಥವಾ ಸಿಂಗರ್ ಪ್ರಾಮಿಸ್, ಈ ಮಟ್ಟದ್ದು ನಿಮ್ಮ ಬಜೆಟ್ಟಿನ ಸುತ್ತಮುತ್ತ ಸಿಗುತ್ತೆ. ಹೊಲಿಗೆ ಡಿಸೈನ್ ಎಷ್ಟಿದೆ ಅಂತ ಲೆಕ್ಕ ಹಾಕ್ಬೇಡಿ. ಮೂವತ್ತು ಇದ್ರೂ ಬಳಸೋದು ನೇರ, ಜಿಗ್‌ಜ್ಯಾಗ್, ಕಾಜ, ಅಷ್ಟೇ. ಅಂಗಡೀಲಿ ಹೀಗೆ ಪರೀಕ್ಷೆ ಮಾಡಿ: ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿಸಿ ಎರಡು ಪದರ ಕಾಟನ್ ಹೊಲಿಸಿ. ಮೇಲ್ಗಡೆ ಕೆಂಪು, ಕೆಳಗಡೆ ಬಿಳಿ ಮಾತ್ರ ಕಾಣ್ಬೇಕು. ಮೇಲೆ ಬಿಳಿ ಚುಕ್ಕೆ ಕಂಡ್ರೆ ಮೇಲಿನ ಟೆನ್ಷನ್, ಅಂದ್ರೆ ದಾರದ ಎಳೆತ, ಬಿಗಿ. ಕೆಳಗೆ ಕೆಂಪು ಎಳೆ ಜೋತಾಡಿದ್ರೆ ಸಡಿಲ. ಆಮೇಲೆ ಬಟ್ಟೆ ಮಡಚಿ ನಾಲ್ಕು ಪದರ ಮಾಡಿ ನಿಧಾನಕ್ಕೆ ಹೊಲಿಸಿ. ಅಲ್ಲೂ ತಡವರಿಸದೆ ಹೋದ್ರೆ ಧೈರ್ಯವಾಗಿ ತಗೊಳ್ಳಿ.

ಚನ್ನರಾಯಪಟ್ಟಣ ಸೊಸೆ
ನಂದು ಮೊದ್ಲು ಚೆನ್ನಾಗಿತ್ತು, ಈಗ ಬಟ್ಟೆ ಕೆಳಗೆ ದಾರ ಗುಡ್ಡೆ ಆಗ್ತಿದೆ. ಬಾಬಿನ್ ಹಾಳಾಗಿದೆಯಾ?

ಮಿಷನ್ ರಿಪೇರಿ ಚಿಕ್ಕಮಗಳೂರು
ಕೆಳಗೆ ಗುಡ್ಡೆ ಆದ್ರೆ ಎಲ್ರೂ ಬಾಬಿನ್ ಮೇಲೇ ಅನುಮಾನ ಪಡ್ತಾರೆ ಅಕ್ಕ. ಸಾಮಾನ್ಯವಾಗಿ ತಪ್ಪು ಮೇಲಿನ ದಾರದ್ದು. ದಾರ ಪೋಣಿಸುವಾಗ ಬಟ್ಟೆ ಒತ್ತಿ ಹಿಡಿಯೋ ಫುಟ್ ಎತ್ತಿರಬೇಕು, ಆಗ ಟೆನ್ಷನ್ ಬಿಲ್ಲೆಗಳು ತೆರೆದಿರ್ತವೆ. ಫುಟ್ ಇಳಿಸಿಕೊಂಡು ಪೋಣಿಸಿದ್ರೆ ದಾರ ಬಿಲ್ಲೆಯೊಳಗೆ ಕೂರೋದೇ ಇಲ್ಲ. ಬಿಚ್ಚಿ ಮತ್ತೆ ಪೋಣಿಸಿ ನೋಡಿ. ಸೂಜಿನೂ ಬದಲಾಯಿಸಿ. ನನ್ನ ಹತ್ರ ಕೆಟ್ಟಿದೆ ಅಂತ ಬರೋ ಎಷ್ಟೋ ಮಿಷನ್‌ಗೆ ಬೇಕಾಗಿರೋದು ಹೊಸ ಸೂಜಿ ಒಂದೇ.

ಚನ್ನರಾಯಪಟ್ಟಣ ಸೊಸೆ
ಸರಿಹೋಯ್ತು!! ಫುಟ್ ಎತ್ತಿ ಪೋಣಿಸಿದೆ ಅಷ್ಟೇ. ಯಾರೂ ಇದನ್ನ ಹೇಳ್ಕೊಟ್ಟಿರಲಿಲ್ಲ.

ಗಾರ್ಮೆಂಟ್ಸ್ ಅಕ್ಕ
ಅಣ್ಣ, ಮಿಷನ್ ಜೊತೆ ಸಾಮಾನು ಮರೀಬೇಡಿ. ಬಟ್ಟೆಗೆ ಮಾತ್ರ ಅಂತ ಒಂದು ಒಳ್ಳೇ ಕತ್ತರಿ, ಅಳತೆ ಟೇಪು, ಗುರುತು ಹಾಕೋ ಚಾಕ್‌ಪೀಸ್, ಹತ್ತು ಬಾಬಿನ್, ಹೊಲಿಗೆ ಬಿಚ್ಚೋ ರಿಪ್ಪರ್. ಸೂಜಿ 11ನೇ ನಂಬರ್ ತೆಳು ಬಟ್ಟೆಗೆ, 14 ಬ್ಲೌಸ್ ಕಾಟನ್‌ಗೆ, 16 ದಪ್ಪಕ್ಕೆ. ಟೀ ಶರ್ಟ್, ಲೆಗ್ಗಿಂಗ್ಸ್ ಥರ ಹಿಗ್ಗೋ ಬಟ್ಟೆಗೆ ಬಾಲ್ ಪಾಯಿಂಟ್ ಸೂಜಿ ಬೇರೆ ಬರುತ್ತೆ, ಇಲ್ಲದಿದ್ರೆ ಹೊಲಿಗೆ ತಪ್ಪುತ್ತೆ. ಮತ್ತೆ ಐದಾರು ಮೀಟರ್ ಕೋರಾ ಬಟ್ಟೆ. ಒಳ್ಳೇ ಬಟ್ಟೆ ಹಾಳಾಗುತ್ತೆ ಅನ್ನೋ ಭಯ ಇದ್ರೆ ಯಾರೂ ಕಲಿಯಲ್ಲ.

ಸಕಲೇಶಪುರ ಎಸ್ಟೇಟ್
ಕೋರಾ ಬಟ್ಟೆ ಬೇಕಾಗಿಲ್ಲ, ಹಳೇ ಪಂಚೆ ಸಾಕು.

ಗಾರ್ಮೆಂಟ್ಸ್ ಅಕ್ಕ
ಒಗೆದು ಒಗೆದು ಮೆತ್ತಗಾದ ಪಂಚೆ, ಕೆಳಗೆ ಬಟ್ಟೆ ಎಳೆಯೋ ಹಲ್ಲುಗಳಿಗೆ ಸಿಕ್ಕಿ ಮುದುರುತ್ತೆ ಸರ್. ಕಲಿಯೋರಿಗೆ ಸ್ವಲ್ಪ ಗರಿಗರಿ ಇರೋ ಬಟ್ಟೆನೇ ಬೇಕು.

ಕೊಪ್ಪದ ಮಳೆ
ನಮ್ಮ ಕಡೆ ಮಳೆಗಾಲಕ್ಕೆ ಒಂದು ಎಚ್ಚರಿಕೆ. ಗೋಡೆ ಬೆವರೋ ಜಾಗದಲ್ಲಿ ಮಿಷನ್ ಇಡಬಾರದು. ಹೊಲಿದಾದ ಮೇಲೆ ಸೂಜಿ ತಟ್ಟೆ ತೆಗೆದು ಹಲ್ಲುಗಳ ನಡುವಿನ ಬಟ್ಟೆ ಧೂಳು ಬ್ರಷ್‌ನಲ್ಲಿ ತೆಗೀಬೇಕು. ಆ ಧೂಳು ತೇವ ಹೀರಿ ಕೂತ್ರೆ ಅಲ್ಲಿಂದಲೇ ತುಕ್ಕು ಶುರು. ಹೊಲಿಯೋದು ಇಲ್ಲದಿದ್ರೂ ವಾರಕ್ಕೊಂದು ಸಲ ನಾಲ್ಕು ನಿಮಿಷ ಓಡಿಸಲಿ.

ಸಾಲಗಾಮೆ ರೋಡ್
ಎಲ್ರಿಗೂ ತುಂಬ ಧನ್ಯವಾದ. ತೀರ್ಮಾನ ಆಯ್ತು. ತಂಗಿ, ಭಾವ, ನಾನು ಚಿಕ್ಕಮಗಳೂರಲ್ಲೇ ಸೇರಿ ಜಿಗ್‌ಜ್ಯಾಗ್ ನೋಡ್ತೀವಿ, ಅವಳೇ ಕೂತು ಹೊಲಿದು ಆರಿಸ್ತಾಳೆ. ಅತ್ತೆಯ ಮಿಷನ್ ತಲೆಯನ್ನೂ ಅವತ್ತೇ ರಿಪೇರಿಗೆ ತರ್ತಾರಂತೆ. ಕಾಲಲ್ಲಿ ತುಳಿಯೋದು ತಾನೇ ಹೇಳ್ಕೊಡ್ತೀನಿ ಅಂತ ಅತ್ತೆ ಅಂದಿದಾರಂತೆ.

ಬೇಲೂರು ಟೈಲರಮ್ಮ
ಅತ್ತೆಯೇ ಹೇಳ್ಕೊಡ್ತಾರೆ ಅಂದ್ರೆ ಇನ್ನೇನು ಬೇಕಪ್ಪ. ಮೊದಲನೇ ಬ್ಲೌಸ್ ಕತ್ತರಿಸೋಕೆ ಮುಂಚೆ ಅವಳಿಗೆ ಸರಿಯಾಗಿ ಕೂರೋ ಹಳೇ ಬ್ಲೌಸ್ ಒಂದನ್ನ ಪೂರ್ತಿ ಬಿಚ್ಚಿ, ಇಸ್ತ್ರಿ ಮಾಡಿ, ಪೇಪರ್ ಮೇಲೆ ಇಟ್ಟು ಗೆರೆ ಎಳೆದುಕೊಳ್ಳೋಕೆ ಹೇಳಿ. ಅಳತೆ ಪುಸ್ತಕಕ್ಕಿಂತ ಅದೇ ಸಲೀಸು. ತೋಳು ಕೂರಿಸೋದು ಕಷ್ಟ ಆಗುತ್ತೆ, ಅಲ್ಲಿ ಸಿಕ್ಕಿಹಾಕ್ಕೊಂಡ್ರೆ ಇಲ್ಲೇ ಬಂದು ಕೇಳಲಿ.

ಮಿಷನ್ ರಿಪೇರಿ ಚಿಕ್ಕಮಗಳೂರು
ಬಿಲ್ಲು ತಂಗಿ ಹೆಸರಲ್ಲೇ ಬರೆಸಿ ಅಣ್ಣ. ವಾರಂಟಿ ಕಾರ್ಡಿಗೆ ಅಂಗಡಿ ಸೀಲು, ತಾರೀಖು, ಮಿಷನ್ ನಂಬರ್ ಹಾಕಿಸಿಕೊಳ್ಳೋದು ಮರೀಬೇಡಿ. ಹಬ್ಬದ ವಾರ ಅಂಗಡಿ ತುಂಬ ಜನ ಇರ್ತಾರೆ, ಕೂತು ತೋರಿಸೋಕೆ ಯಾರಿಗೂ ಪುರುಸೊತ್ತಿರಲ್ಲ. ಒಂದೆರಡು ವಾರ ಮೊದಲೇ ಬನ್ನಿ, ಬೆಳಿಗ್ಗೆ ಹೊತ್ತು ಬನ್ನಿ.